ಪಾಲಿಮರ್ ಸುಟ್ಟ ಮೇಲೂ ನಿಲ್ಲುವ ರಂಧ್ರಗಳು

ಪ್ರಶ್ನೆ: ಪಾಲಿಮರನ್ನು ಅಚ್ಚಾಗಿ ಬಳಸಿ, ಒಂದೇ ಅಳತೆಯ ರಂಧ್ರಗಳು ಸಾಲುಗಟ್ಟಿರುವ ಸಿಲಿಕಾ (ಮರಳಿನಲ್ಲಿರುವ ಸಿಲಿಕಾನ್ ಡೈಆಕ್ಸೈಡ್) ತಯಾರಿಸುತ್ತಾರೆಂದು ಓದಿದೆ. ನೀರಿನಲ್ಲಿ ಕರಗಿರುವ ಪಾಲಿಮರ್ ಅಚ್ಚಾಗುವುದು ಹೇಗೆ? ಅದನ್ನು ಸುಟ್ಟು ತೆಗೆದಾಗ ರಂಧ್ರಗಳು ಕುಸಿಯುವುದಿಲ್ಲವೇ?
— ರಸಾಯನಶಾಸ್ತ್ರ ವಿದ್ಯಾರ್ಥಿನಿ, ಧಾರವಾಡ

ಉತ್ತರ: 1998ರಲ್ಲಿ ಸಾಂಟಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಡೊಂಗ್‌ಯುವಾನ್ ಝಾವ್, ಗ್ಯಾಲನ್ ಸ್ಟಕಿ ಮತ್ತು ಸಂಗಡಿಗರು ರೂಪಿಸಿದ ಎಸ್‌ಬಿಎ-15 ಎಂಬ ಸಿಲಿಕಾವನ್ನೇ ನೋಡೋಣ. ಅದಕ್ಕೆ ಬಳಸಿದ ಪ್ಲುರಾನಿಕ್ ಪಿ123 ಪಾಲಿಮರಿನ ಸರಪಳಿಯ ನಡುವೆ ಸುಮಾರು 70 ಪ್ರೊಪಿಲೀನ್ ಆಕ್ಸೈಡ್ ಘಟಕಗಳೂ, ಎರಡೂ ತುದಿಗಳಲ್ಲಿ ಸುಮಾರು 20ರಂತೆ ಎಥಿಲೀನ್ ಆಕ್ಸೈಡ್ ಘಟಕಗಳೂ ಇವೆ. ತಣ್ಣೀರಿನಲ್ಲಿ ಇಡೀ ಸರಪಳಿ ಕರಗುತ್ತದೆ; ನೀರು ಬೆಚ್ಚಗಾದಂತೆ ನಡುಭಾಗಗಳು ನೀರಿಗೆ ಒಗ್ಗದೆ ಒಂದೆಡೆ ಗುಂಪುಗೂಡುತ್ತವೆ, ತುದಿಗಳು ಮಾತ್ರ ಹೊರಗೆ ನೀರಿಗೆ ಚಾಚಿಕೊಂಡಿರುತ್ತವೆ. ಈ ಗುಂಪುಗಳೇ ಮೈಸೆಲ್‌ಗಳು. ತಯಾರಿಕೆಯನ್ನು 35ರಿಂದ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಡೆಸುವುದಕ್ಕೆ ಇದೂ ಒಂದು ಕಾರಣ.

ಹೈಡ್ರೊಕ್ಲೋರಿಕ್ ಆಮ್ಲ ಬೆರೆತ ಆ ದ್ರಾವಣಕ್ಕೆ ಟೆಟ್ರಾಈಥಾಕ್ಸಿಸಿಲೇನ್ ಎಂಬ ಸಿಲಿಕಾನ್ ಸಂಯುಕ್ತವನ್ನು ಹಾಕಿದಾಗ ಅದು ನೀರಿನೊಡನೆ ವರ್ತಿಸಿ ಸಿಲಿಸಿಕ್ ಆಮ್ಲವಾಗುತ್ತದೆ, ಆ ಅಣುಗಳು ಪರಸ್ಪರ ಬೆಸೆದುಕೊಳ್ಳುತ್ತಾ ಮೈಸೆಲ್‌ಗಳ ಹೊರತುದಿಗಳ ನಡುವೆ ನೆಲೆಯೂರುತ್ತವೆ. ಸಿಲಿಕಾ ಹೀಗೆ ಸೇರುತ್ತಿದ್ದಂತೆಯೇ ಗುಂಡಗಿದ್ದ ಮೈಸೆಲ್‌ಗಳು ಉದ್ದನೆಯ ಕಂಬಿಗಳಾಗಿ, ಜೇನುಹುಟ್ಟಿನ ಕೋಣೆಗಳಂತೆ ಷಡ್ಭುಜಾಕಾರದ ಜೋಡಣೆಗೆ ಬರುತ್ತವೆ. ಅಚ್ಚೂ ಎರಕವೂ ಒಂದನ್ನೊಂದು ತಿದ್ದುತ್ತಾ ಒಟ್ಟಿಗೇ ರೂಪುಗೊಳ್ಳುವುದು ಈ ವಿಧಾನದಲ್ಲಿ ನನಗೆ ಅತ್ಯಂತ ಸುಂದರವಾಗಿ ಕಾಣುವ ಸಂಗತಿ.

ಕುಸಿತದ ಬಗೆಗಿನ ನಿಮ್ಮ ಆತಂಕ ಸಕಾರಣವಾದದ್ದೇ. 1992ರಲ್ಲಿ ಮೊಬಿಲ್ ಕಂಪನಿಯ ವಿಜ್ಞಾನಿಗಳು ಸಾಬೂನಿನ ಬಗೆಯ ಸಣ್ಣ ಅಣುಗಳಿಂದ ಮಾಡಿದ ಎಂಸಿಎಂ-41 ಎಂಬ ಸಿಲಿಕಾದಲ್ಲಿ ರಂಧ್ರಗಳ ನಡುವಿನ ಗೋಡೆ ಸುಮಾರು 1 ನ್ಯಾನೊಮೀಟರ್ (ಮೀಟರಿನ ನೂರು ಕೋಟಿಯಲ್ಲೊಂದು ಭಾಗ) ದಪ್ಪವಿದ್ದು, ಕುದಿಯುವ ನೀರಿನಲ್ಲಿ ಬೇಗ ಹಾಳಾಗುತ್ತಿತ್ತು. ಎಸ್‌ಬಿಎ-15ರ ಗೋಡೆಯ ದಪ್ಪ 3ರಿಂದ 6 ನ್ಯಾನೊಮೀಟರ್. ಆದರೂ ದಪ್ಪವೊಂದೇ ಸಾಲದು. ಸುಡುವ ಮೊದಲು ಮಿಶ್ರಣವನ್ನು ಮುಚ್ಚಿದ ಪಾತ್ರೆಯಲ್ಲಿ 80ರಿಂದ 100 ಡಿಗ್ರಿಯಲ್ಲಿ ಒಂದೆರಡು ದಿನ ಇಡುತ್ತಾರೆ. ಆಗ ಸಿಲಿಕಾದಲ್ಲಿ ಬೆಸೆಯದೆ ಉಳಿದಿದ್ದ ಕೊಂಡಿಗಳು ಕೂಡಿಕೊಂಡು ಗೋಡೆ ಗಟ್ಟಿಯಾಗುತ್ತದೆ, ಅಷ್ಟೇ ಅಲ್ಲದೆ ಎಥಿಲೀನ್ ಆಕ್ಸೈಡ್ ತುದಿಗಳೂ ಬಿಸಿಗೆ ನೀರನ್ನು ತೊರೆದು ಒಳಸರಿಯುವುದರಿಂದ ರಂಧ್ರ ಹಿಗ್ಗುತ್ತದೆ. ವಸ್ತುವಿನ ಗುಣಮಟ್ಟ ಬಹುಪಾಲು ಈ ಹಂತದಲ್ಲೇ ನಿರ್ಧಾರವಾಗುತ್ತದೆಂಬುದು ನನ್ನ ಅಭಿಪ್ರಾಯ. ಅವಸರದಲ್ಲಿ ಇದನ್ನು ಮೊಟಕುಗೊಳಿಸಬಾರದು. ಬಳಿಕ ಉಷ್ಣತೆಯನ್ನು ನಿಧಾನವಾಗಿ ಏರಿಸಿ, ಗಾಳಿಯಲ್ಲಿ 500 ಡಿಗ್ರಿಯ ಆಸುಪಾಸಿನಲ್ಲಿ ಸುಟ್ಟಾಗ ರಚನೆ ತುಸು ಕುಗ್ಗುತ್ತದೆಯೇ ಹೊರತು ಜೋಡಣೆ ಕೆಡುವುದಿಲ್ಲ. ಎಥನಾಲ್‌ನಿಂದ ತೊಳೆದೂ ಪಾಲಿಮರಿನ ಬಹುಭಾಗವನ್ನು ಹೊರತೆಗೆಯಬಹುದು.

ಕಂಬಿಗಳಿದ್ದ ಜಾಗ ಕೊಳವೆಯಂಥ ರಂಧ್ರಗಳಾಗಿ ಉಳಿದರೆ, ಗೋಡೆಯೊಳಗೆ ಹುದುಗಿದ್ದ ಪಾಲಿಮರ್ ತುದಿಗಳು ಸುಟ್ಟುಹೋದ ಜಾಗದಲ್ಲಿ 2 ನ್ಯಾನೊಮೀಟರಿಗಿಂತ ಸಣ್ಣ ರಂಧ್ರಗಳು ಉಳಿದು ಕೊಳವೆಯಿಂದ ಕೊಳವೆಗೆ ದಾರಿಯಾಗುತ್ತವೆ. 2000ರಲ್ಲಿ ದಕ್ಷಿಣ ಕೊರಿಯಾದ ಸಂಶೋಧಕರು ಈ ಸಿಲಿಕಾದೊಳಗೆ ಸಕ್ಕರೆ ತುಂಬಿ, ಅದನ್ನು ಇಂಗಾಲವಾಗಿಸಿ, ಸಿಲಿಕಾವನ್ನು ಕರಗಿಸಿ ತೆಗೆದರು. ಇಂಗಾಲದ ಕಡ್ಡಿಗಳು ಬಿಡಿಬಿಡಿಯಾಗಿ ಚೆದುರದೆ ಅದೇ ಜೋಡಣೆಯಲ್ಲಿ ನಿಂತವು, ಏಕೆಂದರೆ ಆ ಸಣ್ಣ ದಾರಿಗಳಲ್ಲೂ ಇಂಗಾಲ ತುಂಬಿ ಅವುಗಳನ್ನು ಒಂದಕ್ಕೊಂದು ಹಿಡಿದಿಟ್ಟಿತ್ತು.