ಮೊದಲು ಆ ಗೋಡೆ ನೋಡುವುದನ್ನು ಬಿಡಿ

ಇಲ್ಲದ್ದನ್ನು ಕಾಣಿಸುವ ಮಾದಕ ವಸ್ತು ಎಲ್‌ಎಸ್‌ಡಿಯಿಂದ ಫಜೀತಿಗೆ ಸಿಕ್ಕವರಲ್ಲಿ ಒಂದು ಬಗೆಯವರು ಸಲಹೆ ಕೇಳಿಕೊಂಡು ನನ್ನ ಬಳಿ ಮತ್ತೆ ಮತ್ತೆ ಬರುತ್ತಾರೆ. ಇವರು ಚಟಕ್ಕೆ ಬಿದ್ದವರಲ್ಲ. ಒಮ್ಮೆಯೋ ಎರಡು ಸಲವೋ ತಗೊಂಡು, ಆಮೇಲೆ ಅದರ ತಂಟೆಗೇ ಹೋಗದವರು. ಅಮಲು ಇಳಿದು ತಿಂಗಳುಗಳೇ ಆದವು, ಕಣ್ಣು ಮಾತ್ರ ಮೊದಲಿನ ಹಾಗಿಲ್ಲ ಎಂಬುದು ಇವರ ಗೋಳು. ಅಂಥ ಒಬ್ಬ ಹುಡುಗನ ಪ್ರಕರಣ ಇದು. ಗುರುತು ಸಿಗಬಾರದೆಂದು ವಿವರಗಳನ್ನು ಅಲ್ಲಲ್ಲಿ ಬದಲಿಸಿದ್ದೇನೆ.

ಇಪ್ಪತ್ತು ದಾಟಿದ ವಯಸ್ಸು, ಒಳ್ಳೆ ಕೆಲಸ. ಗೆಳೆಯರ ಜೊತೆ ಇದ್ದಾಗ ಎಲ್‌ಎಸ್‌ಡಿ ಅಂತ ಕೊಟ್ಟ ಒಂದು ಕಾಗದದ ಚೂರು ನಾಲಿಗೆಯ ಮೇಲೆ ಇಟ್ಟುಕೊಂಡಿದ್ದ. ಆ ರಾತ್ರಿ ಹೇಗೋ ಕಳೆಯಿತು. ಆದರೆ ಆಮೇಲೆ ಕೈ ಆಡಿಸಿದರೆ ಅದರ ಹಿಂದೆಯೇ ಗೆರೆ ಎಳೆದ ಹಾಗೆ ಕಾಣತೊಡಗಿತು. ದೀಪದ ಸುತ್ತ ಬಳೆ. ಬಿಳಿ ಗೋಡೆಯ ಮೇಲೆ, ಸಿಗ್ನಲ್ ಹೋದ ಟಿವಿಯಲ್ಲಿ ಬರುತ್ತದಲ್ಲ, ಹಾಗೆ ಸಣ್ಣ ಚುಕ್ಕಿಗಳ ಕುಣಿತ. ಕಣ್ಣಿನ ಡಾಕ್ಟರು, ನರರೋಗದ ಡಾಕ್ಟರು ಇಬ್ಬರೂ ನೋಡಿ ಏನೂ ಇಲ್ಲ ಅಂದರು. ಮನೋವೈದ್ಯರು ಅದಕ್ಕೊಂದು ಹೆಸರು ಕೊಟ್ಟರು: ಎಚ್‌ಪಿಪಿಡಿ, ಅಂದರೆ ಇಂಥ ಅಮಲು ಇಳಿದ ಮೇಲೂ ಅದರಲ್ಲಿ ಕಂಡಂಥವು ಕಣ್ಣಿಗೆ ಕಾಣುತ್ತಲೇ ಇರುವ ತೊಂದರೆ. ಅಮೆರಿಕದ ಮನೋವೈದ್ಯರ ಕೈಪಿಡಿಗೆ ಇದು ಸೇರಿದ್ದು 1987ರಲ್ಲಿ. ಅಪರೂಪದ ತೊಂದರೆಯೇ, ಆದರೆ ಒಂದೇ ಸಲ ತಗೊಂಡವರಿಗೂ ಬಂದದ್ದಿದೆ.

ಅಣ್ಣ ಅವನನ್ನು ಕರೆದುಕೊಂಡು ಬಂದ. ಬರುವ ಹೊತ್ತಿಗೆ ಹುಡುಗ ತನ್ನ ಮೇಲೆ ತಾನೇ ತೀರ್ಪು ಬರೆದುಕೊಂಡಾಗಿತ್ತು. ಎಲ್‌ಎಸ್‌ಡಿ ಬೆನ್ನುಹುರಿಯಲ್ಲಿ ಕೂತುಬಿಟ್ಟಿದೆ, ಸಾಯುವ ತನಕ ಜಿನುಗುತ್ತಲೇ ಇರುತ್ತದೆ ಅಂತ ಎಲ್ಲೋ ಓದಿದ್ದ. ಹಾಗೇನಿಲ್ಲ. ರಕ್ತದಲ್ಲಿರುವ ಎಲ್‌ಎಸ್‌ಡಿ ಮೂರ್ನಾಲ್ಕು ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಅಮಲು 8ರಿಂದ 12 ಗಂಟೆ ಇರಬಹುದು. ಕೆಲವೇ ದಿನಗಳಲ್ಲಿ ಅದು ಮೈಯಲ್ಲಿ ಉಳಿದಿರುವುದಿಲ್ಲ. ಇದನ್ನೆಲ್ಲ ಹೇಳಿದೆ. ತಲೆ ಆಡಿಸಿದ. ನಂಬಲಿಲ್ಲ.

ಮುಂದಿನ ಸಲ ಬಂದಾಗ ಮೊಬೈಲ್ ತೆಗೆದು ತೋರಿಸಿದ. ಅದರಲ್ಲಿ ಉದ್ದದ ಪಟ್ಟಿ. ಬೆಳಿಗ್ಗೆ ಎದ್ದ ತಕ್ಷಣ ಗೋಡೆ ನೋಡಿದ್ದು, ಸ್ನಾನದ ಮನೆಯ ಟೈಲ್ಸ್ ನೋಡಿದ್ದು, ಲಿಫ್ಟಿನ ಬಾಗಿಲು ನೋಡಿದ್ದು. ಒಂದೊಂದಕ್ಕೂ ಹತ್ತಕ್ಕೆ ಇಷ್ಟು ಅಂತ ಅಂಕ. "ಹೋಗಿದೆಯಾ ಅಂತ ನೋಡ್ತೀನಿ ಮೇಡಂ."

"ಒಂದು ಸಲವಾದರೂ ಸೊನ್ನೆ ಬಂದಿದೆಯಾ?" ಅಂತ ಕೇಳಿದೆ.

ಪಟ್ಟಿ ಸರಿಸುತ್ತಾ ಹೋದ. ಒಂದು ಮಧ್ಯಾಹ್ನ ಪೂರ್ತಿ ಖಾಲಿ ಇತ್ತು. ಯಾಕೆ ಅಂದೆ. "ಅವತ್ತು ಮ್ಯಾನೇಜರ್ ಜೊತೆ ಜಗಳ ಆಡ್ತಿದ್ದೆ. ನೋಡೋದೇ ಮರೆತುಹೋಯ್ತು."

ಇಷ್ಟು ದಿನ ನಾನು ಕಾಯುತ್ತಿದ್ದದ್ದು ಇದಕ್ಕೇ. ಒಂದು ಬಿಳಿ ಹಾಳೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಇಬ್ಬರೂ ಅದನ್ನೇ ದಿಟ್ಟಿಸಿ ನೋಡಿದೆವು. ಮೊದಲು ನನಗೆ ಏನು ಕಾಣುತ್ತದೆ ಅಂತ ನಾನೇ ಹೇಳಿದೆ. ಎಳೆಯಂಥ ಎರಡು ಹುಳು ತೇಲುತ್ತಿವೆ. ಕಿಟಕಿಯ ಸರಳುಗಳು ಹಸಿರಾಗಿ ಹಾಳೆಯ ಮೇಲೆ ಮೂಡಿವೆ. ಇನ್ನೂ ದಿಟ್ಟಿಸಿದರೆ ಹಾಳೆಯೇ ಸಣ್ಣಗೆ ಅಲುಗುತ್ತದೆ. ಅವನು ಹಾಳೆ ಬಿಟ್ಟು ನನ್ನ ಮುಖ ನೋಡಿದ.

"ನಿಮಗೂ ಕಾಣಿಸುತ್ತಾ?"

ಕಾಣಿಸುತ್ತದೆ, ಎಲ್ಲರಿಗೂ ಒಂದಿಷ್ಟು ಕಾಣಿಸುತ್ತದೆ. ಮೆದುಳು ಅದನ್ನು ಲೆಕ್ಕಕ್ಕಿಲ್ಲ ಅಂತ ಪಕ್ಕಕ್ಕೆ ಸರಿಸುತ್ತದೆ ಅಷ್ಟೇ. ಎಚ್‌ಪಿಪಿಡಿ ಇದ್ದವರಲ್ಲಿ ಹೀಗೆ ಸರಿಸುವ ಕೆಲಸ ಸಡಿಲವಾಗಿರುತ್ತದೆ ಎಂಬುದು ಈಗಿರುವ ಒಂದು ವಿವರಣೆ. ಅವನಿಗೆ ಕಾಣುವುದು ನನಗಿಂತ ಜಾಸ್ತಿ, ಅದು ನಿಜ, ಸುಳ್ಳು ಸಮಾಧಾನ ಹೇಳಲಿಲ್ಲ. ಆದರೆ ದಿನವಿಡೀ ಹುಡುಕುತ್ತಾ ಕೂತರೆ, ಇದು ಮುಖ್ಯ, ಇದನ್ನು ಬಿಡಬೇಡ ಅಂತ ಮೆದುಳಿಗೆ ನಾವೇ ಪಾಠ ಹೇಳಿದ ಹಾಗಾಗುತ್ತದೆ.

ನಾನು ಕೊಟ್ಟ ಸಲಹೆ ದೊಡ್ಡದೇನಲ್ಲ. ಆ ಪಟ್ಟಿ ಅಳಿಸಿ. ಗೋಡೆ ಪರೀಕ್ಷೆ ಬೇಡ. ನಿದ್ದೆ ಕೆಡಿಸಿಕೊಳ್ಳಬೇಡಿ, ದಣಿದಾಗ ಇದು ಹೆಚ್ಚುತ್ತದೆ. ಗಾಂಜಾ ಮುಟ್ಟಲೇಬೇಡಿ. ಎಲ್‌ಎಸ್‌ಡಿ ನಿಲ್ಲಿಸಿದ ಎಷ್ಟೋ ಜನ ಗಾಂಜಾ ಪರವಾಗಿಲ್ಲ ಅಂದುಕೊಂಡು, ಇಳಿಯುತ್ತಿದ್ದ ತೊಂದರೆಯನ್ನು ಮತ್ತೆ ಕೆರಳಿಸಿಕೊಳ್ಳುತ್ತಾರೆ. ಮಾತ್ರೆ ಬೇಕೋ ಬೇಡವೋ ಅನ್ನುವುದು ಮನೋವೈದ್ಯರಿಗೆ ಬಿಟ್ಟದ್ದು. ಅಣ್ಣನಿಗೆ ಹೇಳಿದ್ದು ಒಂದೇ: ದಿನಾ "ಇವತ್ತು ಹೇಗಿದೆ?" ಅಂತ ಕೇಳಬೇಡಿ. ಅದೂ ಒಂದು ಗೋಡೆ ಪರೀಕ್ಷೆಯೇ.

ಜೊತೆಯಲ್ಲಿ ಕೆಲಸ ಮಾಡುವವರೊಬ್ಬರಿಗೆ ಇದು ಸರಿಬರಲಿಲ್ಲ. ಹೆದರಿಸಬೇಕಿತ್ತು, ಇಲ್ಲದಿದ್ದರೆ ಮತ್ತೆ ತಗೊಳ್ತಾನೆ ಅಂದರು. ನಾನು ಒಪ್ಪುವುದಿಲ್ಲ. ಈ ರಾಸಾಯನಿಕದ ಚರಿತ್ರೆಯಲ್ಲಿ ಹೆದರಿಸುವ ಕೆಲಸ ಬೇಕಾದಷ್ಟು ನಡೆದಿದೆ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಆಲ್ಬರ್ಟ್ ಹಾಫ್‌ಮನ್ ಇದನ್ನು ಮೊದಲು ತಯಾರಿಸಿದ್ದು 1938ರಲ್ಲಿ. ಸುಮಾರು ಎರಡು ದಶಕ ಇದು ಮನೋವೈದ್ಯರ ಕೈಯಲ್ಲಿ ಔಷಧಿಯಾಗಿ ಓಡಾಡಿತು. ಅರವತ್ತರ ದಶಕದಲ್ಲಿ ಅಮೆರಿಕದ ಯುವಕರ ಬೀದಿಗೆ ಬಂತು. 1967ರಲ್ಲಿ, ಇದು ಕ್ರೋಮೋಸೋಮ್ (ಜೀವಕೋಶದಲ್ಲಿ ವಂಶವಾಹಿಗಳನ್ನು ಹೊತ್ತ ಎಳೆ) ಒಡೆಯುತ್ತದೆ ಎಂಬ ಸುದ್ದಿ ದೊಡ್ಡದಾಗಿ ಹಬ್ಬಿತು. 1971ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಪರಿಶೀಲಿಸಿದವರು, ಶುದ್ಧ ಎಲ್‌ಎಸ್‌ಡಿ ಮಿತ ಪ್ರಮಾಣದಲ್ಲಿ ಹಾಗೆ ಮಾಡುವುದಿಲ್ಲ ಅಂದರು. ಹಾಗೆಂದು ಅದು ನಿರಪಾಯ ಅಂತಲ್ಲ. ಆದರೆ ಒಂದು ಸುಳ್ಳು ಬಯಲಾದರೆ ಹುಡುಗರು ನಮ್ಮ ನಿಜವನ್ನೂ ಕೇಳುವುದಿಲ್ಲ.

ನಿಜವೇ ಸಾಕಷ್ಟು ಗಟ್ಟಿಯಾಗಿದೆಯಲ್ಲ. ಮನೆಯಲ್ಲಿ ಯಾರಿಗಾದರೂ ಸೈಕೋಸಿಸ್ (ನಿಜ ಯಾವುದು, ಭ್ರಮೆ ಯಾವುದು ಎಂಬ ಅರಿವು ತಪ್ಪುವ ಕಾಯಿಲೆ) ಇದ್ದರೆ, ತಗೊಂಡವರಲ್ಲೂ ಇದು ಅದನ್ನು ಹೊರಗೆಳೆಯಬಹುದು. ಮನಸ್ಸಿನ ಏರುಪೇರಿಗೆ ಕೊಡುವ ಲಿಥಿಯಂ ಮಾತ್ರೆ ತಗೊಳ್ಳುವವರಿಗೆ ಫಿಟ್ಸ್ ಬಂದ ಪ್ರಕರಣಗಳಿವೆ. ಎಲ್ಲಕ್ಕಿಂತ ನನ್ನನ್ನು ಕಾಡುವುದು, ಆ ಕಾಗದದ ಚೂರಿನಲ್ಲಿ ಏನಿತ್ತು ಎಂಬುದು. ಹುಡುಗನಿಗೆ ಗೊತ್ತಿಲ್ಲ, ಕೊಟ್ಟವನಿಗೂ ಗೊತ್ತಿರಲಿಕ್ಕಿಲ್ಲ. 2010ರ ಆಸುಪಾಸಿನಿಂದ ಎನ್‌ಬಿಒಎಂಇ ಎಂಬ ಗುಂಪಿನ ರಾಸಾಯನಿಕಗಳು ಎಲ್‌ಎಸ್‌ಡಿಯ ಹೆಸರಿನಲ್ಲೇ ಕಾಗದದ ಮೇಲೆ ಮಾರಾಟವಾಗಿವೆ, ಜನ ಸತ್ತಿದ್ದಾರೆ. ನಾಲಿಗೆಗೆ ಕಹಿ ಹತ್ತುವುದು ಒಂದು ಸುಳಿವು, ಆದರೆ ಕಹಿ ಇಲ್ಲ ಅಂದಮಾತ್ರಕ್ಕೆ ಅದು ಎಲ್‌ಎಸ್‌ಡಿಯೇ ಅಂತ ಹೇಳಲಾಗದು.

ಹುಡುಗ ಈಗ ಅಪರೂಪಕ್ಕೆ ಬರುತ್ತಾನೆ. ಗೆರೆಗಳು ಪೂರ್ತಿ ಹೋಗಿಲ್ಲ. ರಾತ್ರಿ ಎದುರಿನ ಗಾಡಿಗಳ ಬೆಳಕು ಚೆಲ್ಲಾಡಿದ ಹಾಗೆ ಕಾಣುತ್ತದೆಂದು ಕತ್ತಲಲ್ಲಿ ಬೈಕ್ ಓಡಿಸುವುದಿಲ್ಲ. ಇದೇ ತೊಂದರೆ ಇರುವವರು ಇದೊಂದನ್ನು ಅವನಂತೆಯೇ ಮಾಡಿ. ಇನ್ನು ತಗೊಂಡ ಹೊತ್ತಿನಲ್ಲೇ ಯಾರಿಗಾದರೂ ಮೈ ಕೆಂಡದಂತೆ ಸುಡತೊಡಗಿದರೆ, ಫಿಟ್ಸ್ ಬಂದರೆ, ಎದೆ ಹಿಡಿದುಕೊಂಡರೆ, ಅಮಲು ಇಳಿಯಲಿ ಅಂತ ಕಾಯಬೇಡಿ. ಆಸ್ಪತ್ರೆಗೆ ಕರೆದೊಯ್ದು, ಏನು ತಗೊಂಡರು ಅಂತ ಡಾಕ್ಟರಿಗೆ ಮುಚ್ಚಿಡದೆ ಹೇಳಿ.