ಕಂಪನಿಯ ಡಿಸೈನ್ ಸಿಸ್ಟಂ ಲೈಬ್ರರಿ ಹಾಕಿದ ಮೇಲೂ ಬಟನ್ ಬೋಳಾಗಿ ಕಾಣುತ್ತಿದ್ದರೆ

ನಿಮ್ಮ ಪೋಸ್ಟ್ ಮತ್ತು ಅದರ ಸ್ಕ್ರೀನ್‌ಶಾಟ್ ನೋಡಿ ನಿಮ್ಮ ಸಮಸ್ಯೆ ನನಗೆ ಅರ್ಥವಾದದ್ದು ಹೀಗೆ. ಹಳೆಯ ರಿಯಾಕ್ಟ್ (ವೆಬ್ ಪುಟದ ಭಾಗಗಳನ್ನು ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿ) ಪ್ರಾಜೆಕ್ಟ್ ಒಂದಕ್ಕೆ ಇನ್ನು ಮುಂದೆ ಕಂಪನಿಯದೇ ಕಾಂಪೊನೆಂಟ್ ಲೈಬ್ರರಿ (ಡಿಸೈನ್ ಸಿಸ್ಟಂನ ಬಟನ್, ಟೇಬಲ್‌ನಂಥ ಸಿದ್ಧ ಭಾಗಗಳ ಪ್ಯಾಕೇಜ್) ಬಳಸಿ ಎಂದಿದ್ದಾರೆ. ಇನ್‌ಸ್ಟಾಲ್ ಮಾಡಲು ಹೋದರೆ 404 (ಸಿಗಲಿಲ್ಲ ಎಂಬ ಎರರ್) ಬಂತು. ಯಾರೋ ಸಹೋದ್ಯೋಗಿ ಅವರ ಕಂಪ್ಯೂಟರ್‌ನಿಂದ ಪ್ಯಾಕೇಜ್ ಫೋಲ್ಡರ್ ಕಾಪಿ ಮಾಡಿ ಕೊಟ್ಟರು, ಆಗ ಬಟನ್ ಬಂತು ಆದರೆ ಬಣ್ಣ, ಆಕಾರ ಏನೂ ಇಲ್ಲದ ಬೋಳು ಬಟನ್. ಸ್ಟೈಲ್ (ಸಿಎಸ್‌ಎಸ್) ಫೈಲ್ ಸೇರಿಸಿದಿರಿ, ಬಣ್ಣ ಬಂತು, ಅಳತೆ ಮಾತ್ರ ಡಿಸೈನ್‌ನಲ್ಲಿ ಇರುವುದಕ್ಕಿಂತ ಚಿಕ್ಕದು. ಈಗ ಬೇಸತ್ತು "ಅವರ ಸಿಎಸ್‌ಎಸ್ ಕಾಪಿ ಮಾಡಿಕೊಂಡು ನಾನೇ ಬರೆದುಬಿಡಲಾ" ಎಂದು ಕೇಳಿದ್ದೀರಿ.

ಬೇಡ. ಕಾಪಿ ಮಾಡಿದ ದಿನ ಚೆನ್ನಾಗಿಯೇ ಕಾಣುತ್ತದೆ, ಮೂರು ತಿಂಗಳ ನಂತರ ಅವರು ಬಣ್ಣ ಬದಲಿಸಿದಾಗ ನಿಮ್ಮದು ಮಾತ್ರ ಹಳೆಯದಾಗಿ ಉಳಿಯುತ್ತದೆ. ಇನ್ನೊಂದು ವಿಷಯ, ನೀವು ಹೇಳಿದ ಮೂರು ತೊಂದರೆಯಲ್ಲಿ ಒಂದೂ ಲೈಬ್ರರಿಯ ತಪ್ಪಲ್ಲ ಅನ್ನಿಸುತ್ತದೆ. ಎಲ್ಲವೂ ಲೈಬ್ರರಿ ಮತ್ತು ನಿಮ್ಮ ಹಳೆಯ ಪ್ರಾಜೆಕ್ಟ್ ಸೇರುವ ಜಾಗದಲ್ಲೇ ಆಗಿರುವುದು.

ಅದಕ್ಕೇ ಮೊದಲು ಒಂದು ಖಾಲಿ ಪ್ರಾಜೆಕ್ಟ್ ಮಾಡಿ. ವೀಟ್ ಎಂಬ, ಹೊಸ ಪ್ರಾಜೆಕ್ಟ್ ಶುರು ಮಾಡಿಕೊಡುವ ಟೂಲ್‌ನಲ್ಲಿ ಎರಡು ನಿಮಿಷದ ಕೆಲಸ. ಅದರಲ್ಲಿ ಲೈಬ್ರರಿಯ ಒಂದೇ ಒಂದು ಬಟನ್ ಹಾಕಿ. ಅಲ್ಲಿ ಸರಿ ಕಂಡು ನಿಮ್ಮ ಪ್ರಾಜೆಕ್ಟ್‌ನಲ್ಲಿ ಕೆಟ್ಟರೆ ಹುಡುಕಬೇಕಾದ್ದು ಎಲ್ಲಿ ಅಂತ ಗೊತ್ತಾಯಿತಲ್ಲ. ಈ ಖಾಲಿ ಪ್ರಾಜೆಕ್ಟ್ ಅಳಿಸಬೇಡಿ, ಮುಂದೆ ಪ್ರತಿ ಸಲ ವರ್ಷನ್ ಏರಿಸುವಾಗ ಬೇಕಾಗುತ್ತದೆ.

ಈಗ 404. ಕಂಪನಿಯ ಒಳಗಿನ ಪ್ಯಾಕೇಜ್‌ಗಳ ಹೆಸರಿನ ಮುಂದೆ ಸಾಮಾನ್ಯವಾಗಿ ಅಟ್ ಚಿಹ್ನೆ ಮತ್ತು ಕಂಪನಿಯ ಹೆಸರು ಇರುತ್ತದೆ, ಅದಕ್ಕೆ ಸ್ಕೋಪ್ ಎನ್ನುತ್ತಾರೆ. ನೀವು ಬೇರೆ ಏನೂ ಹೇಳದಿದ್ದರೆ ಎನ್‌ಪಿಎಂ (ಪ್ಯಾಕೇಜ್ ಇನ್‌ಸ್ಟಾಲ್ ಮಾಡುವ ಟೂಲ್) ಅದನ್ನು ಸಾರ್ವಜನಿಕ ರಿಜಿಸ್ಟ್ರಿಯಲ್ಲಿ, ಅಂದರೆ ಎಲ್ಲರಿಗೂ ತೆರೆದ ಪ್ಯಾಕೇಜ್ ಉಗ್ರಾಣದಲ್ಲಿ, ಹುಡುಕುತ್ತದೆ. ಅಲ್ಲಿ ಅದು ಇಲ್ಲ, ಹಾಗಾಗಿ 404. ಪ್ರಾಜೆಕ್ಟ್‌ನ ಎಲ್ಲಕ್ಕಿಂತ ಮೇಲಿನ (ರೂಟ್) ಫೋಲ್ಡರ್‌ನಲ್ಲಿ ಡಾಟ್ ಎನ್‌ಪಿಎಂಆರ್‌ಸಿ ಎಂಬ ಫೈಲ್ ಇಟ್ಟು, ಈ ಸ್ಕೋಪ್‌ನ ಪ್ಯಾಕೇಜ್‌ಗಳನ್ನು ಕಂಪನಿಯ ರಿಜಿಸ್ಟ್ರಿ ವಿಳಾಸದಿಂದ ತಗೋ ಎಂದು ಒಂದು ಸಾಲು ಬರೆಯಬೇಕು. ಲಾಗಿನ್ ಟೋಕನ್‌ಗೆ ಇನ್ನೊಂದು ಸಾಲು. ಟೋಕನ್ನನ್ನು ಆ ಫೈಲ್‌ನಲ್ಲಿ ನೇರವಾಗಿ ಬರೆದು ಗಿಟ್‌ಗೆ ಹಾಕಬೇಡಿ, ಎನ್ವಿರಾನ್‌ಮೆಂಟ್ ವೇರಿಯಬಲ್‌ನ (ಕಂಪ್ಯೂಟರ್‌ನಲ್ಲಿ ಕೋಡ್‌ನ ಹೊರಗೆ ಇಟ್ಟ ಮೌಲ್ಯ) ಹೆಸರು ಬರೆದರೆ ಸಾಕು, ಎನ್‌ಪಿಎಂ ಟೋಕನ್ನನ್ನು ಅಲ್ಲಿಂದ ಓದಿಕೊಳ್ಳುತ್ತದೆ. ಬಿಲ್ಡ್ ಸರ್ವರ್‌ಗೂ (ಕೋಡನ್ನು ಕಟ್ಟಿ ಸಿದ್ಧ ಮಾಡುವ ಯಂತ್ರ) ಅದೇ ವೇರಿಯಬಲ್ ಕೊಡಿ. ಇಲ್ಲದಿದ್ದರೆ ನಿಮ್ಮ ಕಂಪ್ಯೂಟರ್‌ನಲ್ಲಿ ಓಡುತ್ತದೆ, ಅಲ್ಲಿ ಓಡಲ್ಲ, ಅರ್ಧ ದಿನ ಹೋಗುತ್ತದೆ.

ಒಂದು ಕಿವಿಮಾತು. 404 ಅಂದರೆ ಪ್ಯಾಕೇಜ್ ಇಲ್ಲ ಎಂದೇ ಅರ್ಥವಲ್ಲ. ನಿಮಗೆ ಅನುಮತಿ ಇಲ್ಲದಿದ್ದರೂ ಎಷ್ಟೋ ರಿಜಿಸ್ಟ್ರಿಗಳು 404 ಎಂದೇ ಹೇಳುತ್ತವೆ, ಅಂಥ ಪ್ಯಾಕೇಜ್ ಇದೆ ಎಂಬುದು ಹೊರಗಿನವರಿಗೆ ತಿಳಿಯಬಾರದು ಅಂತ. ಮತ್ತೆ ಸ್ಕೋಪ್ ಇಲ್ಲದ ಹೆಸರಿನ ಒಳ ಪ್ಯಾಕೇಜ್ ನಿಮ್ಮಲ್ಲಿ ಇನ್ನೂ ಇದ್ದರೆ ಯಾರಿಗಾದರೂ ಹೇಳಿ ಬದಲಿಸಿ. ಅದೇ ಹೆಸರಿನಲ್ಲಿ ಹೊರಗಿನವರು ಸಾರ್ವಜನಿಕ ರಿಜಿಸ್ಟ್ರಿಗೆ ಏನಾದರೂ ಹಾಕಿದರೆ ನಿಮ್ಮ ಬಿಲ್ಡ್ ಅದನ್ನೇ ಎಳೆದುಕೊಳ್ಳಬಹುದು. 2021ರಲ್ಲಿ ಒಬ್ಬ ಭದ್ರತಾ ಸಂಶೋಧಕ ಇದೇ ದಾರಿಯಲ್ಲಿ ದೊಡ್ಡ ದೊಡ್ಡ ಕಂಪನಿಗಳ ಒಳಗೆ ತನ್ನ ಕೋಡ್ ಓಡಿಸಿ ತೋರಿಸಿದ್ದರು.

ಸಹೋದ್ಯೋಗಿ ಕೊಟ್ಟ ಆ ಫೋಲ್ಡರ್ ಅಳಿಸಿಬಿಡಿ, ದಯವಿಟ್ಟು.

ಬೋಳು ಬಟನ್ ವಿಷಯ. ಇನ್‌ಸ್ಟಾಲ್ ಅಂದರೆ ಫೈಲ್‌ಗಳು ನಿಮ್ಮ ಡಿಸ್ಕ್‌ಗೆ ಬಂದವು ಅಷ್ಟೇ. ಪುಟದಲ್ಲಿ ಬಟನ್ ಸರಿಯಾಗಿ ಕಾಣಲು ಸಾಮಾನ್ಯವಾಗಿ ನಾಲ್ಕು ಬೇಕು: ಕಾಂಪೊನೆಂಟ್ ಕೋಡ್, ಸ್ಟೈಲ್, ಫಾಂಟ್, ಥೀಮ್. ಯಾವುದು ತಾನಾಗಿ ಬರುತ್ತದೆ ಯಾವುದು ನೀವು ಸೇರಿಸಬೇಕು ಎಂಬುದು ಲೈಬ್ರರಿಯಿಂದ ಲೈಬ್ರರಿಗೆ ಬೇರೆ. ಮೈಕ್ರೋಸಾಫ್ಟ್‌ನ ಫ್ಲೂಯೆಂಟ್ ಯುಐ 9ರಲ್ಲಿ ಸ್ಟೈಲ್ ಫೈಲ್ ಬೇರೆ ಇಲ್ಲ, ಆದರೆ ಇಡೀ ಆ್ಯಪ್‌ಗೆ ಪ್ರೊವೈಡರ್ (ಥೀಮನ್ನು ಒಳಗಿನ ಎಲ್ಲ ಕಾಂಪೊನೆಂಟ್‌ಗಳಿಗೂ ತಲುಪಿಸುವ ಹೊದಿಕೆ) ಸುತ್ತಿ ಥೀಮ್ ಕೊಡದಿದ್ದರೆ ಬಣ್ಣವೇ ಬರುವುದಿಲ್ಲ. ಐಬಿಎಂನ ಕಾರ್ಬನ್‌ನಲ್ಲಿ ಸ್ಟೈಲನ್ನು ಸಾಮಾನ್ಯವಾಗಿ ಸಾಸ್ (ಸಿಎಸ್‌ಎಸ್ ಆಗಿ ಬದಲಾಗುವ ಸ್ಟೈಲ್ ಭಾಷೆ) ಮೂಲಕ ನೀವೇ ಎಳೆದುಕೊಳ್ಳಬೇಕು. ಬ್ರಿಟನ್ ಸರ್ಕಾರದ ಗವ್‌ಯುಕೆ ಫ್ರಂಟೆಂಡ್‌ನಲ್ಲಿ ಫಾಂಟ್ ಮತ್ತು ಚಿತ್ರಗಳ ಫೋಲ್ಡರನ್ನು ಸರ್ವರ್ ತಲುಪಿಸುವಂತೆ ಮಾಡಬೇಕು, ಸ್ಕ್ರಿಪ್ಟನ್ನು ಬೇರೆಯಾಗಿ ಚಾಲೂ ಮಾಡಬೇಕು. ಹಾಗಾಗಿ ನಿಮ್ಮ ಲೈಬ್ರರಿಯ ದಾಖಲೆಯಲ್ಲಿ ಬಟನ್ ಪುಟಕ್ಕೆ ನೇರವಾಗಿ ಹಾರಬೇಡಿ, "ಶುರು ಮಾಡುವುದು ಹೇಗೆ" ಪುಟ ಮೊದಲು ಓದಿ. ಬೇಜಾರಿನ ಪುಟ ನಿಜ, ಆದರೆ ಉತ್ತರ ಇರುವುದು ಅಲ್ಲೇ.

ಫಾಂಟ್ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ಎಷ್ಟೋ ಸಲ ಲೈಬ್ರರಿ ಫಾಂಟ್‌ನ ಹೆಸರು ಮಾತ್ರ ಹೇಳಿರುತ್ತದೆ, ಫೈಲ್ ತಂದಿರುವುದಿಲ್ಲ. ಡಿಸೈನರ್ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಮೊದಲೇ ಇರುತ್ತದೆ, ಅವರಿಗೆ ಸರಿಯಾಗಿಯೇ ಕಾಣುತ್ತದೆ, ಬಳಕೆದಾರರಿಗೆ ಬೇರೆ ಏನೋ ಕಾಣುತ್ತದೆ. ಬ್ರೌಸರ್‌ನ ಡೆವಲಪರ್ ಟೂಲ್‌ನಲ್ಲಿ ನಿಜವಾಗಿ ಯಾವ ಫಾಂಟ್ ಬಳಕೆಯಾಗಿದೆ ಎಂದು ನೋಡಬಹುದು. ಕನ್ನಡ ಅಕ್ಷರ ತೋರಿಸುವ ಪ್ರಾಜೆಕ್ಟ್ ಆದರೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನೋಡಿ, ಇಂಗ್ಲಿಷ್‌ಗೆ ಅಂತ ಬಿಗಿಯಾಗಿ ಇಟ್ಟ ಸಾಲಿನ ಎತ್ತರದಲ್ಲಿ ನಮ್ಮ ಒತ್ತಕ್ಷರದ ಕೆಳಭಾಗ ಕತ್ತರಿಸಿ ಹೋಗಬಹುದು.

ಇನ್ನು ಅಳತೆ ಚಿಕ್ಕದಾಗಿರುವುದು. ನಿಮ್ಮ ಹಳೆಯ ಸಿಎಸ್‌ಎಸ್‌ನಲ್ಲಿ ಎಚ್‌ಟಿಎಂಎಲ್ ಟ್ಯಾಗ್‌ಗೆ ಫಾಂಟ್ ಅಳತೆ 62.5 ಪರ್ಸೆಂಟ್ ಎಂದು ಬರೆದಿದೆಯಾ ನೋಡಿ. ಒಂದು ರೆಮ್ (ಎಚ್‌ಟಿಎಂಎಲ್ ಟ್ಯಾಗ್‌ನ ಫಾಂಟ್ ಅಳತೆಯನ್ನೇ ಒಂದು ಎಂದು ಹಿಡಿಯುವ ಮಾನ) ಅಂದರೆ 10 ಪಿಕ್ಸೆಲ್ ಆಗಲಿ, ಲೆಕ್ಕ ಸುಲಭ ಅಂತ ಹಿಂದೆ ತುಂಬ ಜನ ಮಾಡುತ್ತಿದ್ದ ಉಪಾಯ ಅದು. ಲೈಬ್ರರಿಯವರು ಒಂದು ರೆಮ್ ಅಂದರೆ 16 ಪಿಕ್ಸೆಲ್ ಎಂದುಕೊಂಡು ಬರೆದಿರುತ್ತಾರೆ. 3 ರೆಮ್ ಎತ್ತರದ ಬಟನ್ 48 ಪಿಕ್ಸೆಲ್ ಇರಬೇಕಾದ್ದು 30ಕ್ಕೆ ಇಳಿಯುತ್ತದೆ. ನಿಮ್ಮ ಸ್ಕ್ರೀನ್‌ಶಾಟ್ ನೋಡಿದರೆ ನನಗೆ ಇದೇ ಅನುಮಾನ ಜಾಸ್ತಿ. ಆ ಸಾಲು ತೆಗೆದರೆ ನಿಮ್ಮ ಹಳೆಯ ಪುಟಗಳೆಲ್ಲ ಒಮ್ಮೆಗೇ ಊದಿಕೊಳ್ಳುತ್ತವೆ, ಹೆದರಬೇಡಿ, ಮೀಡಿಯಾ ಕ್ವೆರಿಯ (ಪರದೆಯ ಅಗಲದಂಥದ್ದು ನೋಡಿ ಸ್ಟೈಲ್ ಬದಲಿಸುವ ನಿಯಮ) ಷರತ್ತಿನಲ್ಲಿ ಇರುವವನ್ನು ಬಿಟ್ಟು ಹಳೆಯ ರೆಮ್ ಸಂಖ್ಯೆಗಳನ್ನೆಲ್ಲ 0.625ರಿಂದ ಗುಣಿಸಿದರೆ ಮೊದಲಿನಂತೆ ಆಗುತ್ತದೆ. ಸಣ್ಣ ಸ್ಕ್ರಿಪ್ಟ್ ಬರೆದು ಮಾಡಿ, ಕೈಯಲ್ಲಿ ಬೇಡ.

ಅದಲ್ಲದಿದ್ದರೆ ಎರಡನೆಯ ಅನುಮಾನ ನಿಮ್ಮ ರೀಸೆಟ್ ಸ್ಟೈಲ್ (ಬ್ರೌಸರ್‌ನ ಮೂಲ ಸ್ಟೈಲ್ ಅಳಿಸುವ ನಿಯಮಗಳು) ಮೇಲೆ. ಉದಾಹರಣೆಗೆ ಟೇಲ್‌ವಿಂಡ್ (ಒಂದು ಸಿಎಸ್‌ಎಸ್ ಫ್ರೇಮ್‌ವರ್ಕ್) 3ರ ಹಳೆಯ ವರ್ಷನ್‌ಗಳಲ್ಲಿ ಬಟನ್‌ನ ಹಿನ್ನೆಲೆ ಬಣ್ಣ ಅಳಿಸುವ ಒಂದು ನಿಯಮ ಇತ್ತು. ಟೈಪ್ ಆಟ್ರಿಬ್ಯೂಟ್ ಹಿಡಿದು ಬರೆದ ನಿಯಮವಾದ್ದರಿಂದ ಅದರ ತೂಕ (ಎರಡು ನಿಯಮ ಜಗಳವಾಡಿದರೆ ಯಾವುದು ಗೆಲ್ಲುತ್ತದೆ ಎಂದು ಅಳೆಯುವ ಸ್ಪೆಸಿಫಿಸಿಟಿ) ಒಂದು ಕ್ಲಾಸ್‌ನಷ್ಟೇ. ತೂಕ ಸಮ ಆದಾಗ ಕೊನೆಗೆ ಬಂದದ್ದು ಗೆಲ್ಲುತ್ತದೆ. ಅಂದರೆ ಯಾವ ಫೈಲನ್ನು ಮೊದಲು ಇಂಪೋರ್ಟ್ ಮಾಡಿದಿರಿ ಎಂಬುದರ ಮೇಲೆ ಬಟನ್‌ಗೆ ಬಣ್ಣ! ಇದಕ್ಕೆ ಇವತ್ತಿನ ಒಳ್ಳೆಯ ಪರಿಹಾರ ಕ್ಯಾಸ್ಕೇಡ್ ಲೇಯರ್, ಅಂದರೆ ಸಿಎಸ್‌ಎಸ್ ನಿಯಮಗಳನ್ನು ಗುಂಪು ಮಾಡಿ ಯಾವ ಗುಂಪು ಗೆಲ್ಲಬೇಕು ಎಂದು ಹೇಳುವ ವ್ಯವಸ್ಥೆ. 2022ರಿಂದ ಮುಖ್ಯ ಬ್ರೌಸರ್‌ಗಳೆಲ್ಲದರಲ್ಲೂ ಇದೆ. ನಿಮ್ಮ ಹಳೆಯ ಸಿಎಸ್‌ಎಸ್ ಪೂರ್ತಿ ಒಂದು ಲೇಯರ್ ಒಳಗೆ ಹಾಕಿ, ಲೈಬ್ರರಿಯದ್ದನ್ನು ಹೊರಗೆ ಬಿಡಿ. ಲೇಯರ್ ಒಳಗಿನದು ಎಷ್ಟೇ ತೂಕದ್ದಾಗಿರಲಿ, ಹೊರಗಿನದಕ್ಕೆ ಸೋಲುತ್ತದೆ. ಆದರೆ ಇಂಪಾರ್ಟೆಂಟ್ (ಬೇರೆ ನಿಯಮಗಳನ್ನು ಮೀರಲು ಹಾಕುವ ಗುರುತು) ಹಾಕಿದ ಸಾಲುಗಳಲ್ಲಿ ಇದು ತಲೆಕೆಳಗು, ಒಳಗಿನದೇ ಗೆಲ್ಲುತ್ತದೆ. ಹಳೆಯ ಪ್ರಾಜೆಕ್ಟ್‌ನಲ್ಲಿ ಅಂಥ ಸಾಲು ಎಷ್ಟಿವೆಯೋ ಮೊದಲು ಎಣಿಸಿಕೊಳ್ಳಿ.

ನಿಮ್ಮ ಕಂಪ್ಯೂಟರ್‌ನಲ್ಲಿ ಚೆನ್ನಾಗಿದ್ದು ಪ್ರೊಡಕ್ಷನ್ ಬಿಲ್ಡ್‌ನಲ್ಲಿ ಮಾತ್ರ ಸ್ಟೈಲ್ ಮಾಯವಾದರೆ ಅದು ಲೈಬ್ರರಿ ತಂಡದ ಕಡೆಯ ತಪ್ಪಾಗಿರಬಹುದು. ಪ್ಯಾಕೇಜ್ ಫೈಲ್‌ನಲ್ಲಿ (ಪ್ಯಾಕೇಜ್ ಡಾಟ್ ಜೇಸನ್) ಸೈಡ್ ಇಫೆಕ್ಟ್ಸ್ ಇಲ್ಲ, ಅಂದರೆ ಬಳಸದ ಫೈಲ್ ತೆಗೆದರೂ ಏನೂ ಕೆಡುವುದಿಲ್ಲ ಎಂದು ಬರೆದು, ಸಿಎಸ್‌ಎಸ್ ಫೈಲ್‌ಗಳಿಗೆ ವಿನಾಯಿತಿ ಕೊಡದಿದ್ದರೆ, ಬಂಡ್ಲರ್ (ಎಲ್ಲ ಫೈಲ್ ಸೇರಿಸಿ ಪುಟಕ್ಕೆ ಕಟ್ಟುವ ಟೂಲ್) ಅವುಗಳನ್ನು ಕಸ ಎಂದುಕೊಂಡು ಗುಡಿಸಿ ಹಾಕುತ್ತದೆ. ಅವರಿಗೆ ತಿಳಿಸಿ.

ನಿಮ್ಮ ಪೋಸ್ಟ್‌ನ ಕೊನೆಗೆ "ಇನ್‌ವ್ಯಾಲಿಡ್ ಹುಕ್ ಕಾಲ್" ಎಂಬ ಎರರ್ ಒಮ್ಮೆ ಬಂದು ಹೋಯಿತು ಅಂತ ಬರೆದಿದ್ದೀರಿ. ಅದು ತಾನಾಗಿ ಹೋಗುವಂಥದ್ದಲ್ಲ. ಹೆಚ್ಚಾಗಿ ಪುಟದಲ್ಲಿ ಎರಡು ರಿಯಾಕ್ಟ್ ಇದ್ದಾಗ ಬರುತ್ತದೆ, ಫೋಲ್ಡರ್ ಕಾಪಿ ಮಾಡಿದಾಗ ಅಥವಾ ಎನ್‌ಪಿಎಂ ಲಿಂಕ್ (ಡಿಸ್ಕ್‌ನ ಫೋಲ್ಡರನ್ನೇ ಪ್ಯಾಕೇಜ್ ಆಗಿ ಜೋಡಿಸುವ ಆಜ್ಞೆ) ಬಳಸಿದಾಗ ಇದು ಮಾಮೂಲು. ಟರ್ಮಿನಲ್‌ನಲ್ಲಿ ಎನ್‌ಪಿಎಂ ಎಲ್‌ಎಸ್ ರಿಯಾಕ್ಟ್ ಎಂದು ಕೊಟ್ಟು ನೋಡಿ, ಎರಡು ವರ್ಷನ್ ಕಂಡರೆ ಕಳ್ಳ ಸಿಕ್ಕ. ಲೈಬ್ರರಿ ಕೇಳುವ ರಿಯಾಕ್ಟ್ ವರ್ಷನ್ ನಿಮ್ಮದಕ್ಕೆ ಹೊಂದದಿದ್ದರೆ ಎನ್‌ಪಿಎಂ 7ರಿಂದ ಈಚೆಗೆ ಇನ್‌ಸ್ಟಾಲ್ ನಿಂತು ಹೋಗುತ್ತದೆ. ಆಗ ಲೆಗಸಿ ಪಿಯರ್ ಡೆಪ್ಸ್ (ವರ್ಷನ್ ಹೊಂದದಿರುವುದನ್ನು ಕಡೆಗಣಿಸುವ ಆಯ್ಕೆ) ಹಾಕಿ ಮುಂದೆ ಹೋಗಿ ಎನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಅದು ಜಗಳವನ್ನು ಮುಚ್ಚಿಡುತ್ತದೆ ಅಷ್ಟೇ, ಪುಟ ಓಡುವಾಗ ಮತ್ತೆ ಎದ್ದು ಬರುತ್ತದೆ.

ನಿಮ್ಮದು ವೆಬ್ ಕಾಂಪೊನೆಂಟ್ (ರಿಯಾಕ್ಟ್ ಇಲ್ಲದೆಯೂ ಬ್ರೌಸರ್ ಅರ್ಥಮಾಡಿಕೊಳ್ಳುವ ಸ್ವಂತ ಟ್ಯಾಗ್) ಮಾದರಿಯ ಲೈಬ್ರರಿ ಅಲ್ಲ ಅಂದುಕೊಂಡಿದ್ದೇನೆ. ಆಗಿದ್ದರೆ ರಿಯಾಕ್ಟ್ 19ಕ್ಕೆ ಬನ್ನಿ, ಅದರ ಹಿಂದಿನವುಗಳಲ್ಲಿ ಆಬ್ಜೆಕ್ಟ್ ಕಳಿಸುವುದಕ್ಕೂ ಈವೆಂಟ್ ಹಿಡಿಯುವುದಕ್ಕೂ ಸುತ್ತುಬಳಸಿನ ದಾರಿ ಬೇಕಿತ್ತು.

ಈಗ ನನ್ನದೇ ತಪ್ಪು ಹೇಳುತ್ತೇನೆ, ಯಾಕೆಂದರೆ ನೀವು ಅದೇ ದಾರಿಯಲ್ಲಿ ಇದ್ದೀರಿ. ಹಿಂದೆ ಒಂದು ಪ್ರಾಜೆಕ್ಟ್‌ನಲ್ಲಿ ಟೇಬಲ್ ಸಾಲುಗಳ ಎತ್ತರ ನನಗೆ ಹಿಡಿಸಲಿಲ್ಲ. ಡೆವಲಪರ್ ಟೂಲ್ ತೆರೆದು ಲೈಬ್ರರಿಯ ಒಳಗಿನ ಕ್ಲಾಸ್ ಹೆಸರು ನೋಡಿಕೊಂಡು ಅದರ ಮೇಲೆ ನನ್ನ ಸ್ಟೈಲ್ ಬರೆದೆ. ಒಂದು ಹತ್ತಾಯಿತು, ಹತ್ತು ಎಂಬತ್ತಾಯಿತು. ದೊಡ್ಡ ವರ್ಷನ್ ಬಂದ ದಿನ ಒಳಗಿನ ಹೆಸರುಗಳೆಲ್ಲ ಬದಲಾಗಿದ್ದವು, ಎಂಬತ್ತೂ ಒಟ್ಟಿಗೆ ಬಿದ್ದವು. ಎರಡು ವಾರ ಬೇರೆ ಕೆಲಸ ಮಾಡಲಿಲ್ಲ. ಕಾರ್ಬನ್ ಬಳಸುವವರಿಗೂ ಇಂಥ ಅನುಭವ ಇರುತ್ತದೆ, 2022ರಲ್ಲಿ 11ನೇ ವರ್ಷನ್ ಬಂದಾಗ ಕ್ಲಾಸ್‌ಗಳ ಮುಂದಿನ ಬಿಎಕ್ಸ್ ಹೋಗಿ ಸಿಡಿಎಸ್ ಬಂತು. ಒಳಗಿನ ಹೆಸರು ಯಾವತ್ತೂ ನಿಮಗೆ ಕೊಟ್ಟ ಮಾತಲ್ಲ. ಪ್ರಾಪ್ಸ್ (ಕಾಂಪೊನೆಂಟ್‌ಗೆ ನೀವು ಕೊಡುವ ಆಯ್ಕೆಗಳು) ಮತ್ತು ಡಿಸೈನ್ ಟೋಕನ್ ಮಾತ್ರ ಕೊಟ್ಟ ಮಾತು.

(ಲಾಗಿನ್ ಟೋಕನ್ ಬೇರೆ, ಡಿಸೈನ್ ಟೋಕನ್ ಬೇರೆ. ಹೊಸಬರಿಗೆ ತಲೆ ಕೆಡಿಸಲು ಇದೊಂದು ಸಾಕು. ಡಿಸೈನ್ ಟೋಕನ್ ಅಂದರೆ ಬಣ್ಣ, ಅಂತರ, ಅಕ್ಷರದ ಅಳತೆಗೆ ಇಟ್ಟ ಹೆಸರು.)

ನಿಮ್ಮ ಸ್ವಂತ ಕಾಂಪೊನೆಂಟ್ ಬರೆಯುವಾಗಲೂ ಬಣ್ಣದ ಸಂಖ್ಯೆ ಬರೆಯದೆ ಟೋಕನ್ ಹೆಸರೇ ಬರೆಯಿರಿ, ಆಗ ಡಾರ್ಕ್ ಥೀಮ್ ಬಂದಾಗ ನಿಮ್ಮದೂ ಜೊತೆಗೇ ಬದಲಾಗುತ್ತದೆ. ಅದರಲ್ಲೂ ನೀಲಿ 60 ಎಂಬಂಥ ಹೆಸರಿಗಿಂತ "ಮುಖ್ಯ ಬಟನ್ ಹಿನ್ನೆಲೆ" ಎಂಬಂಥ, ಕೆಲಸ ಹೇಳುವ ಹೆಸರು ಆರಿಸಿ. ಒಂದು ಕಡೆ ಮಾತ್ರ ಇದು ನಡೆಯುವುದಿಲ್ಲ: ಮೀಡಿಯಾ ಕ್ವೆರಿಯ ಷರತ್ತಿನಲ್ಲಿ ಸಿಎಸ್‌ಎಸ್ ವೇರಿಯಬಲ್ ಕೆಲಸ ಮಾಡುವುದಿಲ್ಲ. ಬ್ರೇಕ್‌ಪಾಯಿಂಟ್‌ಗೆ (ಸ್ಟೈಲ್ ಬದಲಾಗುವ ಪರದೆಯ ಅಗಲ) ಸಾಸ್ ವೇರಿಯಬಲ್ಲೇ ಬೇಕು, ಇದು ಗೊತ್ತಿಲ್ಲದೆ ನಾನು ಒಂದು ಸಂಜೆ ಸುಮ್ನೆ ಕಳೆದಿದ್ದೇನೆ.

ಟೋಕನ್‌ನಿಂದಲೂ ಪ್ರಾಪ್ಸ್‌ನಿಂದಲೂ ಆಗದ ಬದಲಾವಣೆ ಬೇಕಾದರೆ? ಮೊದಲು ಡಿಸೈನರ್ ಹತ್ತಿರ ನಿಜವಾಗಿ ಬೇಕಾ ಎಂದು ಕೇಳಿ. ಹತ್ತರಲ್ಲಿ ಏಳು ಸಲ ಬೇಡ ಅನ್ನುತ್ತಾರೆ. ಬೇಕೇ ಬೇಕು ಅಂದರೆ ಲೈಬ್ರರಿ ತಂಡಕ್ಕೆ ಬರೆಯಿರಿ, ಅವರು ಮಾಡುವವರೆಗೆ ನಿಮ್ಮದೇ ಪುಟ್ಟ ಕಾಂಪೊನೆಂಟ್ ಒಂದರಲ್ಲಿ ಆ ತಿದ್ದುಪಡಿ ಇಟ್ಟುಕೊಳ್ಳಿ. ಒಂದೇ ಜಾಗದಲ್ಲಿ ಇದ್ದರೆ ತೆಗೆಯುವುದೂ ಸುಲಭ. ಹಾಗಂತ ಪ್ರತಿ ಕಾಂಪೊನೆಂಟ್‌ಗೂ ಒಂದು ಹೊದಿಕೆ ಮಾಡಲು ಹೋಗಬೇಡಿ, ಆಗ ಎರಡು ಲೈಬ್ರರಿ ಸಾಕಿದಂತೆ.

ವರ್ಷನ್ ಬಗ್ಗೆ ಚಿಕ್ಕದಾಗಿ. ಲಾಕ್ ಫೈಲ್ (ಯಾವ ಪ್ಯಾಕೇಜ್‌ನ ಯಾವ ವರ್ಷನ್ ಎಂದು ಬರೆದಿಟ್ಟ ಫೈಲ್) ಗಿಟ್‌ನಲ್ಲಿ ಇರಲಿ, ಬಿಲ್ಡ್ ಸರ್ವರ್‌ನಲ್ಲಿ ಎನ್‌ಪಿಎಂ ಇನ್‌ಸ್ಟಾಲ್ ಬದಲು ಎನ್‌ಪಿಎಂ ಸಿಐ ಬಳಸಿ, ಅದು ಲಾಕ್ ಫೈಲ್‌ನಲ್ಲಿ ಇದ್ದದ್ದನ್ನೇ ತರುತ್ತದೆ. ನಿಮ್ಮ ಲೈಬ್ರರಿ ಇನ್ನೂ 0.ಏನೋ ವರ್ಷನ್‌ನಲ್ಲಿ ಇದ್ದರೆ ಮಧ್ಯದ ಅಂಕಿ ಬದಲಾದಾಗಲೂ ಹಳೆಯ ಕೋಡ್ ಮುರಿಯಬಹುದು ಎಂದುಕೊಂಡೇ ಏರಿಸಿ.

ಐಕಾನ್ ಮಾತ್ರ ಇರುವ ಬಟನ್‌ಗೆ ಲೇಬಲ್ (ಸ್ಕ್ರೀನ್ ರೀಡರ್ ಓದಿ ಹೇಳುವ ಹೆಸರು) ಕೊಡುವುದು ನಿಮ್ಮದೇ ಕೆಲಸ, ಲೈಬ್ರರಿ ಅದನ್ನು ಊಹಿಸಲಾರದು. ನಿಮ್ಮ ಸ್ಕ್ರೀನ್‌ಶಾಟ್‌ನಲ್ಲಿ ಕಸದ ಬುಟ್ಟಿಯ ಬಟನ್ ಕಂಡಿತು, ಅದಕ್ಕೇ ಹೇಳಿದೆ.

ಇಷ್ಟು ಮಾಡಿಯೂ ಸರಿಹೋಗದಿದ್ದರೆ ಪ್ಯಾಕೇಜ್ ಫೈಲ್, ಎನ್‌ಪಿಎಂ ಎಲ್‌ಎಸ್ ರಿಯಾಕ್ಟ್‌ನ ಉತ್ತರ, ಮತ್ತೆ ಇಂಪೋರ್ಟ್‌ಗಳು ಇರುವ ಮೊದಲ ಫೈಲ್, ಈ ಮೂರು ಇಲ್ಲಿ ಹಾಕಿ. ಎನ್‌ಪಿಎಂಆರ್‌ಸಿ ಫೈಲ್ ಹಾಕಬೇಡಿ. ಈಗಾಗಲೇ ಹಾಕಿರುವ ಎರಡನೇ ಚಿತ್ರದ ಮೂಲೆಯಲ್ಲಿ ನಿಮ್ಮ ಲಾಗಿನ್ ಟೋಕನ್ ಅರ್ಧಕ್ಕಿಂತ ಜಾಸ್ತಿ ಕಾಣುತ್ತಿದೆ. ಚಿತ್ರ ಅಳಿಸಿದರೆ ಸಾಲದು, ಆ ಟೋಕನ್ ಇವತ್ತೇ ರದ್ದು ಮಾಡಿಸಿ ಹೊಸದು ತಗೊಳ್ಳಿ.