ರೋಟವೇಟರ್ ನಡುಗಿದರೆ ಗೇರ್‌ಬಾಕ್ಸ್ ಬಿಚ್ಚುವ ಮುನ್ನ

ಪ್ರಶ್ನೆ: ಕಬ್ಬಿನ ಕೂಳೆ ತೆಗೆಯಲು ರೋಟವೇಟರ್ (ತಿರುಗುವ ಬ್ಲೇಡ್‌ಗಳಿಂದ ಮಣ್ಣು ಕಡಿಯುವ ಯಂತ್ರ) ಹೊಡೆಯುತ್ತಿದ್ದೇನೆ. ಮುರಿದ ಬ್ಲೇಡ್‌ಗಳನ್ನಷ್ಟೇ ಬದಲಿಸಿ, ಟ್ರ್ಯಾಕ್ಟರಿನ ಎಂಜಿನ್ ಬಲವನ್ನು ಯಂತ್ರಕ್ಕೆ ಒಯ್ಯುವ ಪಿಟಿಓ ಷಾಫ್ಟ್‌ಗೆ ಹೊಸ ಕ್ರಾಸ್ (ಕೀಲಿನ ಅಡ್ಡತುಂಡು) ಹಾಕಿಸಿದ ಮೇಲೆ ಯಂತ್ರ ವಿಪರೀತ ನಡುಗುತ್ತಿದೆ. ಬದುವಿನ ಹತ್ತಿರ ಎತ್ತಿ ತಿರುಗಿಸುವಾಗ ಕಟಕಟ ಸದ್ದೂ ಬರುತ್ತದೆ. ಗೇರ್‌ಬಾಕ್ಸ್ ಬಿಚ್ಚಬೇಕೆಂದು ಗ್ಯಾರೇಜಿನವರು ಹೇಳುತ್ತಾರೆ.
– ಓದುಗರೊಬ್ಬರು, ಮುಧೋಳ ತಾಲ್ಲೂಕು

ಉತ್ತರ: ಗೇರ್‌ಬಾಕ್ಸಿಗೆ ಈಗಲೇ ಕೈ ಹಾಕಿಸಬೇಡಿ. ರಿಪೇರಿಯಾದ ಮರುದಿನದಿಂದಲೇ ಶುರುವಾದ ನಡುಕಕ್ಕೆ ಕಾರಣವನ್ನು ಮೊದಲು ಆ ರಿಪೇರಿಯಲ್ಲಿಯೇ ಹುಡುಕಬೇಕು. ಎಂಜಿನ್ ನಿಲ್ಲಿಸಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡು, ರೋಟವೇಟರಿನ ಕೆಳಗೆ ಗಟ್ಟಿಯಾದ ಮರದ ದಿಮ್ಮಿಗಳನ್ನು ಕೊಟ್ಟ ಮೇಲೆಯೇ ಪರೀಕ್ಷೆಗೆ ತೊಡಗಿರಿ. ಹೈಡ್ರಾಲಿಕ್ಕನ್ನು ನಂಬಿ ಯಂತ್ರದಡಿ ಕೈಯಿಡುವವರನ್ನು ಕಂಡರೆ ನನಗೆ ಇಂದಿಗೂ ಎದೆ ಝಲ್ಲೆನ್ನುತ್ತದೆ.

ಮೊದಲು ಷಾಫ್ಟ್ ನೋಡಿ. ಅದರ ಎರಡು ಭಾಗಗಳನ್ನು ಬಿಡಿಸಿ ಮರಳಿ ಸೇರಿಸುವಾಗ ಕ್ರಾಸ್ ಹಿಡಿಯುವ ಒಳಗಿನ ಎರಡೂ ಕವಲುಗಳು ಒಂದೇ ನೇರಕ್ಕೆ ಬರಬೇಕು. ಚೌಕದ ಷಾಫ್ಟ್ ಕಾಲು ಸುತ್ತು ತಪ್ಪಿದರೂ ಸಲೀಸಾಗಿ ಕೂರುತ್ತದೆ. ಆದರೆ ಆಗ ತಿರುಗುವ ವೇಗ ಪ್ರತಿ ಸುತ್ತಿನಲ್ಲೂ ಏರಿಳಿದು ಇಡೀ ಯಂತ್ರವನ್ನು ಅಲುಗಿಸುತ್ತದೆ. ಅದು ಸರಿಯಿದ್ದರೆ ಬ್ಲೇಡ್‌ಗಳತ್ತ ಬನ್ನಿ. ಎಡ ಮತ್ತು ಬಲ ಬ್ಲೇಡ್‌ಗಳು ಅದಲುಬದಲಾಗಿರಬಾರದು, ರೋಟರ್ ತಿರುಗಿದಾಗ ಹರಿತವಾದ ಅಂಚೇ ಮಣ್ಣಿಗೆ ಮೊದಲು ತಾಗಬೇಕು, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಅವು ಸುರುಳಿಯ ಕ್ರಮದಲ್ಲಿಯೇ ಇರಬೇಕು. ಸವೆದ ಹಗುರ ಬ್ಲೇಡ್‌ಗಳ ಒಂದೇ ಮಗ್ಗುಲಿಗೆ ಹೊಸ ಭಾರದ ಬ್ಲೇಡ್‌ಗಳು ಸೇರಿದರೆ ತೂಕ ತಪ್ಪುವುದು ಸಹಜ. ಆದ್ದರಿಂದ ಪೂರ್ತಿ ಸೆಟ್ ಬದಲಿಸುವುದೇ ಲೇಸು. ಹೊಸ ಬೋಲ್ಟ್‌ಗಳನ್ನು ಮೊದಲ ಕೆಲವು ಗಂಟೆಗಳ ಕೆಲಸದ ನಂತರ ಮತ್ತೊಮ್ಮೆ ಬಿಗಿಯಲೇಬೇಕು. ರೋಟರಿಗೆ ಸುತ್ತಿಕೊಂಡ ರವದಿಯನ್ನೂ (ಕಬ್ಬಿನ ಒಣ ಎಲೆ) ಕತ್ತರಿಸಿ ತೆಗೆಯಿರಿ, ಏಕೆಂದರೆ ಅದು ಬೇರಿಂಗಿನ ಸೀಲ್‌ವರೆಗೆ ನುಗ್ಗಿ ಅದನ್ನು ಹರಿದುಹಾಕುತ್ತದೆ.

ಎತ್ತುವಾಗಿನ ಸದ್ದು ಬೇರೆಯ ವಿಷಯ. ಪಿಟಿಓ ತಿರುಗುತ್ತಿರುವಾಗಲೇ ರೋಟವೇಟರನ್ನು ಪೂರ್ತಿ ಮೇಲೆತ್ತಿದರೆ ಷಾಫ್ಟಿನ ಓರೆ ಹೆಚ್ಚಾಗಿ ಕ್ರಾಸ್‌ಗಳು ಕಟಗುಟ್ಟುತ್ತವೆ, ಹಾಗೆಯೇ ಮುಂದುವರಿದರೆ ಒಡೆಯುತ್ತವೆ. ಬ್ಲೇಡ್‌ಗಳು ನೆಲ ಬಿಡುವಷ್ಟು ಮಾತ್ರ ಎತ್ತಿ, ಇಲ್ಲವೇ ಪಿಟಿಓ ಬಂದ್ ಮಾಡಿ ತಿರುಗಿಸಿ. ಇಷ್ಟೆಲ್ಲ ಸರಿಪಡಿಸಿದ ಮೇಲೂ ಕೆಲಸದ ನಡುವೆ ಸದ್ದು ಉಳಿದರೆ ಆಗ ಗೇರ್‌ಬಾಕ್ಸ್ ಬಿಚ್ಚಿಸಬಹುದು.

ಪ್ರಶ್ನೆ: ಪಲ್ಟಿ ನೇಗಿಲು (ಸಾಲಿನ ಕೊನೆಯಲ್ಲಿ ಮಗುಚಿ ಎರಡೂ ದಿಕ್ಕಿನಲ್ಲಿ ಉಳುವ ನೇಗಿಲು) ಹೋಗುವಾಗ ಆಳವಾಗಿ, ಬರುವಾಗ ಮೇಲೆಮೇಲೆ ಉಳುತ್ತದೆ. ಎರೆ ಹೊಲದಲ್ಲಿ ದೊಡ್ಡ ಹೆಂಟೆಗಳೂ ಏಳುತ್ತಿವೆ.
– ಓದುಗರೊಬ್ಬರು, ಇಂಡಿ ತಾಲ್ಲೂಕು

ಉತ್ತರ: ಪಲ್ಟಿ ನೇಗಿಲಿಗೆ ಟ್ರ್ಯಾಕ್ಟರಿನ ಹಿಂದೆ ನೇಗಿಲನ್ನು ಎತ್ತುವ ಎರಡೂ ಲಿಫ್ಟ್ ರಾಡ್‌ಗಳ ಉದ್ದ ಸಮನಾಗಿರಬೇಕು, ಹಿಂದಿನ ಎರಡೂ ಟೈರ್‌ಗಳ ಗಾಳಿಯೂ ಅಷ್ಟೇ. ಬಳಿಕ ಮಗುಚಿದ ನೇಗಿಲನ್ನು ತಡೆದು ನಿಲ್ಲಿಸುವ ಒಂದೊಂದು ಮಗ್ಗುಲಿನ ಸ್ಕ್ರೂವನ್ನು ಹೊಂದಿಸಿ, ಒಂದು ಗಾಲಿ ಸಾಲಿನಲ್ಲಿದ್ದಾಗ ನೇಗಿಲು ನೆಲಕ್ಕೆ ಲಂಬವಾಗಿ ನಿಲ್ಲುವಂತೆ ಮಾಡಿರಿ. ಎರಡೂ ಕಡೆ ನೇಗಿಲು ಇಳಿಯದಿದ್ದಾಗ ಮಾತ್ರ ಕುಳಗಳ ಸವೆತವನ್ನು ನೋಡಿ, ಟಾಪ್ ಲಿಂಕನ್ನು (ನೇಗಿಲನ್ನು ಮೇಲಿನಿಂದ ಟ್ರ್ಯಾಕ್ಟರಿಗೆ ಹಿಡಿಯುವ ಸರಳು) ತುಸು ಗಿಡ್ಡ ಮಾಡಬೇಕು.

ಹೆಂಟೆಗಳು ಬೇಸಿಗೆಯ ಉಳುಮೆಯಲ್ಲಿ ಎದ್ದಿದ್ದರೆ ಅದು ದೋಷವೇ ಅಲ್ಲ. ಎರೆ ಮಣ್ಣು ಒಣಗಿದಾಗ ಕುಗ್ಗಿ ನೆನೆದಾಗ ಉಬ್ಬುವುದರಿಂದ, ಬಿಸಿಲು ಬಡಿದ ಹೆಂಟೆ ಮೊದಲೆರಡು ಮಳೆಗೆ ತಾನಾಗಿಯೇ ಒಡೆಯುತ್ತದೆ. ಅದನ್ನು ಈಗಲೇ ಪುಡಿ ಮಾಡಲು ಡೀಸೆಲ್ ಸುಡಬೇಡಿ. ಹಸಿ ಹೆಚ್ಚಿದ್ದಾಗ ಉತ್ತು ಎದ್ದ ಹೆಂಟೆಯಾದರೆ ಅದು ಹದ ತಪ್ಪಿದ್ದರ ಫಲ, ನೇಗಿಲಿನ ತಪ್ಪಲ್ಲ.

ಪ್ರಶ್ನೆ: ರೋಟವೇಟರಿನ ಗೇರ್‌ಬಾಕ್ಸ್‌ನಿಂದ ಎಣ್ಣೆ ಜಿನುಗುತ್ತಿದೆ, ಸೀಲ್ ಬದಲಿಸಿದರೂ ನಿಂತಿಲ್ಲ.
– ಓದುಗರೊಬ್ಬರು, ರಾಯಬಾಗ

ಉತ್ತರ: ಮೇಲಿನ ಉಸಿರುರಂಧ್ರ ಕೆಸರಿನಿಂದ ಮುಚ್ಚಿದ್ದರೆ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿ ಹೊಸ ಸೀಲಿನಿಂದಲೂ ಎಣ್ಣೆಯನ್ನು ಹೊರದೂಡುತ್ತದೆ. ಆ ರಂಧ್ರವನ್ನು ಬಿಡಿಸಿ, ಮಟ್ಟಕ್ಕಿಂತ ಹೆಚ್ಚಿರುವ ಎಣ್ಣೆಯನ್ನು ತೆಗೆಯಿರಿ. ಆಗಲೂ ಜಿನುಗಿದರೆ ಸೀಲ್ ಕೂರುವ ಜಾಗದಲ್ಲಿ ಷಾಫ್ಟ್ ಗೀರುಬಿದ್ದಿದೆಯೇ ಎಂದು ಉಗುರಾಡಿಸಿ ನೋಡಿ.